ಇಳಿಯದ ರೇಸು

ಗೇರು ನ್ಯೂಟ್ರಲ್ಲಿನಲ್ಲಿದ್ದು, ಕಾಲು ಆಕ್ಸಿಲರೇಟರಿನಿಂದ ಪೂರ್ತಿಯಾಗಿ ಮೇಲೆದ್ದಿದ್ದು, ಎ.ಸಿ. ಬಂದಾಗಿದ್ದು, ಎಂಜಿನ್ನು ಚೆನ್ನಾಗಿ ಕಾದ ಮೇಲೆಯೂ ಅದರ ಸುತ್ತುಗಳನ್ನು, ಎಂದರೆ ರೇಸನ್ನು, ತೋರಿಸುವ ಮೀಟರಿನ ಮುಳ್ಳು 1500ರ ಬಳಿಯೋ 2000ದ ಬಳಿಯೋ ನಿಂತು ಕೆಳಗಿಳಿಯಲೊಲ್ಲದೆಂದರೆ, ಆ ಪೆಟ್ರೋಲ್ ಕಾರಿನ ಎಂಜಿನ್ನಿನೊಳಕ್ಕೆ ಯಾವುದೋ ಒಂದು ಮಾರ್ಗದಿಂದ ಬೇಡದ ಗಾಳಿ ಪ್ರವೇಶಿಸುತ್ತಿದೆ. ಅಥವಾ ಗಾಳಿಯ ಪ್ರಮಾಣವನ್ನು ನಿಯಮಿಸುವ, ಕಾರಿನೊಳಗಿನ ಗಣಕಕ್ಕೆ (ಇಸಿಯು) ಯಾವುದೋ ಒಂದು ಸುಳ್ಳು ವರ್ತಮಾನ ಮುಟ್ಟುತ್ತಿದೆ. ಮೂರನೆಯ ಕಾರಣವೊಂದು ಸಿಕ್ಕುವುದು ಬಲು ಅಪರೂಪ. ಈ ಎರಡರಲ್ಲಿ ಯಾವುದು ಸತ್ಯವೆಂಬುದನ್ನು ಮನೆಯ ಅಂಗಳದಲ್ಲಿಯೇ, ಬಹು ಸಾಮಾನ್ಯವಾದ ಸಲಕರಣೆಗಳಿಂದ, ಒಂದು ಬಿಡುವಿನ ಮುಂಜಾನೆಯಲ್ಲಿ ನಿರ್ಣಯಿಸಬಹುದೆಂಬುದೂ, ಹಾಗೆ ನಿರ್ಣಯಿಸುವ ಮೊದಲು ಯಾವ ಸಾಮಾನನ್ನೂ ಬದಲಿಸತಕ್ಕದ್ದಲ್ಲವೆಂಬುದೂ ಈ ಲೇಖನದ ಅಭಿಪ್ರಾಯ.

ದೊಡವಾಡದ ಸುತ್ತಲಿನ ಎರೆಭೂಮಿಯಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಊರುಗಳಲ್ಲಿ, ಕಾರೆಂಬುದು ಈಗ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ; ಹುಬ್ಬಳ್ಳಿಯಲ್ಲಿಯೋ ಬೆಳಗಾವಿಯಲ್ಲಿಯೋ ಒಬ್ಬಿಬ್ಬರ ಕೈದಾಟಿದ ಮಾರುತಿ 800, ಓಮ್ನಿ, ಆಲ್ಟೊಗಳು ಶಾಲೆಯ ಮಾಸ್ತರರ ಮನೆಯ ಮುಂದೆಯೂ ಸಾಧಾರಣ ರೈತರ ಹಿತ್ತಿಲಲ್ಲಿಯೂ ನಿಂತಿರುವುದನ್ನು ಕಾಣಬಹುದು. ಯಂತ್ರದ ಪರಿಚಯವೂ ಈ ಸೀಮೆಗೆ ಹೊಸದಲ್ಲ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯನ್ನು ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ನಿರ್ಮಿಸಿದರು. ಬಾವಿಯ ದಂಡೆಯ ಡೀಸೆಲ್ ಎಂಜಿನ್ನಿನ ಗವರ್ನರನ್ನು ಸ್ವತಃ ಸರಿಪಡಿಸಿಕೊಳ್ಳುತ್ತಿದ್ದ ರೈತರನ್ನು ಹಿಂದಿನ ತಲೆಮಾರಿನಲ್ಲಿ ಊರೂರಲ್ಲಿಯೂ ಕಾಣಬಹುದಾಗಿತ್ತು. ಆ ಧೈರ್ಯವು ಕಾರಿನ ಬಾನೆಟ್ಟಿನ ಮುಂದೆ ಮಾತ್ರ ಏಕೆ ಕುಗ್ಗಬೇಕೋ ತಿಳಿಯದು.

ಇಲ್ಲಿ ಒಂದು ಭೇದವನ್ನು ಮೊದಲೇ ಹೇಳಿಬಿಡಬೇಕು. ಡೀಸೆಲ್ ಎಂಜಿನ್ನಿನ ವೇಗವು ಅದಕ್ಕೆ ಕೊಡುವ ಎಣ್ಣೆಯ ಪ್ರಮಾಣದಿಂದ ನಿಯಮಿತವಾಗುವುದೇ ಹೊರತು ಗಾಳಿಯಿಂದಲ್ಲ. ಆದುದರಿಂದ ಬೊಲೆರೊ, ಕ್ರೂಸರ್ ಮುಂತಾದ ಡೀಸೆಲ್ ಗಾಡಿಗಳಿಗೆ ಮುಂದಿನ ಮಾತುಗಳು ಅನ್ವಯಿಸುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಾದರೋ ವೇಗದ ಸೂತ್ರವಿರುವುದು ಗಾಳಿಯ ಕೈಯಲ್ಲಿ. ಒಂದು ಕಿಲೋ ಪೆಟ್ರೋಲ್ ಸಂಪೂರ್ಣವಾಗಿ ಉರಿಯುವುದಕ್ಕೆ ಹೆಚ್ಚು ಕಡಮೆ 14.7 ಕಿಲೋ ಗಾಳಿ ಬೇಕು. ಆ ಗಾಳಿಯನ್ನು ತಡೆದು ಬಿಡುವ ಬಾಗಿಲು ಥ್ರಾಟಲ್ ಬಾಡಿಯೊಳಗಿನ ಒಂದು ದುಂಡು ತಗಡು. ಗ್ಯಾರೇಜಿನವರು ಅದನ್ನು ಬಟರ್‌ಫ್ಲೈ ಎನ್ನುತ್ತಾರೆ. ನಾವು ಆಕ್ಸಿಲರೇಟರನ್ನು ಒತ್ತಿದಾಗ ತೆರೆಯುವುದು ಪೆಟ್ರೋಲಿನ ಬಾಗಿಲಲ್ಲ, ಈ ಗಾಳಿಯ ಬಾಗಿಲು. ಕಾಲು ತೆಗೆದಾಗ ತಗಡು ಮುಚ್ಚಿಕೊಳ್ಳುತ್ತದೆ. ಆದರೂ ಎಂಜಿನ್ನು ನಿಂತುಹೋಗದಂತೆ ಒಂದು ಸಣ್ಣ ಪಕ್ಕದಾರಿಯಿಂದ ಸ್ವಲ್ಪ ಗಾಳಿ ಹೋಗುತ್ತಿರಬೇಕಷ್ಟೆ. ಆ ಪಕ್ಕದಾರಿಯನ್ನು ಕಾಯುವುದು ಐಡಲ್ ವಾಲ್ವು, ಅದಕ್ಕೆ ಅಪ್ಪಣೆ ಕೊಡುವುದು ಗಣಕ. ಹೀಗೆ ಎಲ್ಲವೂ ನೆಟ್ಟಗಿದ್ದರೆ ಕಾದ ಎಂಜಿನ್ನು ನಿಮಿಷಕ್ಕೆ 750ರಿಂದ 900 ಸುತ್ತುಗಳಲ್ಲಿ ಶಾಂತವಾಗಿ ನಡೆಯುತ್ತಿರುತ್ತದೆ. ಮಲಪ್ರಭೆಯ ಕಾಲುವೆಯಲ್ಲಿ ತೂಬನ್ನು ಭದ್ರವಾಗಿ ಇಳಿಸಿದ್ದರೂ ಏರಿಯಲ್ಲೆಲ್ಲೋ ಬಿರುಕು ಬಿಟ್ಟಿದ್ದರೆ ಹೊಲಕ್ಕೆ ನೀರು ನುಗ್ಗುವುದು ಹೇಗೆ ನಿಲ್ಲುವುದಿಲ್ಲವೋ, ಹಾಗೆ ತಗಡು ಮುಚ್ಚಿದ್ದರೂ ಬೇರೆ ದಾರಿಯ ಗಾಳಿಯಿಂದ ಎಂಜಿನ್ನು ಓಡುತ್ತಲೇ ಇರುತ್ತದೆ.

ಇಂಥ ದೂರನ್ನು ಹೊತ್ತು ಗ್ಯಾರೇಜಿಗೆ ಹೋದವರಿಗೆ ಬಹಳ ಸಲ ದೊರೆಯುವ ಚಿಕಿತ್ಸೆಯೆಂದರೆ ಸ್ಕ್ರೂ ಡ್ರೈವರಿನ ಒಂದು ತಿರುವು. ಇದನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ, ಅದಕ್ಕೊಂದು ಇತಿಹಾಸವುಂಟು. 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ 800 ಕಾರಿಗೂ, ಮರುವರ್ಷ ಬಂದ ಓಮ್ನಿಗೂ, ಅವುಗಳಿಗಿಂತ ಹಿಂದಿನ ಅಂಬಾಸಿಡರ್, ಪದ್ಮಿನಿಗಳಿಗೂ ಇದ್ದುದು ಕಾರ್ಬುರೇಟರು. ಅದರಲ್ಲಿ ಸ್ಲೋ, ಎಂದರೆ ನಿಂತಲ್ಲಿ ನಡೆಯುವ ಎಂಜಿನ್ನಿನ ವೇಗ, ಹೊಂದಿಸುವುದಕ್ಕೆಂದೇ ಒಂದು ಸ್ಕ್ರೂ ಇತ್ತು. ಋತು ಬದಲಾದಾಗ ಅದನ್ನು ಅರ್ಧ ಸುತ್ತು ಇತ್ತ, ಕಾಲು ಸುತ್ತು ಅತ್ತ ತಿರುವುವುದು ಮಿಸ್ತ್ರಿಗಳ ಕೈಚಳಕವೇ ಆಗಿತ್ತು. ಹೊಗೆಯ ನಿಯಮಗಳು ಬಿಗಿಯಾದ 2000ದ ಸುಮಾರಿಗೆ ಕಾರ್ಬುರೇಟರು ಹೋಗಿ, ಗಣಕದ ಅಪ್ಪಣೆಯಂತೆ ಪೆಟ್ರೋಲನ್ನು ಚಿಮುಕಿಸುವ ಎಂಪಿಎಫ್‌ಐ ಬಂದಿತು. ಗಣಕವು ಸ್ಲೋ ಹೊಂದಿಸುವ ಹೊಣೆಯನ್ನು ಹೊತ್ತಿತು. ಆದರೆ ಕೈಗೆ ಹತ್ತಿದ ಅಭ್ಯಾಸ ಉಳಿಯಿತು. ಈಗಿನ ಥ್ರಾಟಲ್ ಬಾಡಿಯ ಮೇಲೆ ಕಾಣುವ ಸ್ಕ್ರೂ ಕಾರ್ಖಾನೆಯಲ್ಲಿಯೇ ಅಳತೆಮಾಡಿ ನಿಲ್ಲಿಸಿದ್ದು. ತಗಡು ಗೋಡೆಗೆ ಕಚ್ಚಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ಅದನ್ನು ತಿರುವಿದರೆ ತಗಡಿನ ಸ್ಥಾನವನ್ನು ತಿಳಿಸುವ ಸೆನ್ಸಾರಿನ ಲೆಕ್ಕ ಕೆಡುತ್ತದೆ. ಚಾಲಕನ ಕಾಲು ಮೇಲೆದ್ದಿದೆಯೋ ಇಲ್ಲವೋ ಎಂಬುದೇ ಗಣಕಕ್ಕೆ ತಿಳಿಯದೆ ಹೋಗಿ, ಒಂದು ದೋಷವಿದ್ದಲ್ಲಿ ಎರಡಾಗುತ್ತವೆ. ಹಳೆಯ ಕಾರ್ಬುರೇಟರಿನ ಗಾಡಿಯಿದ್ದವರು ಚೋಕ್ ವಾಯರು ಅರ್ಧದಲ್ಲಿ ಸಿಕ್ಕಿಕೊಂಡಿದೆಯೇ ಎಂದು ನೋಡಿ, ಇಲ್ಲವಾದರೆ ಸ್ಕ್ರೂವಿಗೆ ಕೈ ಹಾಕಬಹುದು. ಉಳಿದವರು ಅದನ್ನು ಮುಟ್ಟಲಾಗದು.

ಪರೀಕ್ಷೆಗೆ ತೊಡಗುವ ಮುನ್ನ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ನಡೆಸಿದರೆ ಹೊಗೆಯೊಳಗಿನ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಪ್ರಾಣವನ್ನೇ ತೆಗೆಯಬಲ್ಲದು. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಟ್ಟು ಕೆಲಸಕ್ಕಿಳಿಯುವುದು ವಿಹಿತ. ರೇಡಿಯೇಟರಿನ ಫ್ಯಾನು ಯಾವ ಸೂಚನೆಯೂ ಇಲ್ಲದೆ ತಾನಾಗಿಯೇ ತಿರುಗತೊಡಗುವುದುಂಟು. ಸಮೀಪದಲ್ಲಿ ಬೀಡಿ, ಊದುಬತ್ತಿಗಳು ಬೇಡವೇ ಬೇಡ.

ಇನ್ನೊಂದು ಸಂಗತಿ. ಬೆಳಗಿನ ತಂಪಿನಲ್ಲಿ ಮೊದಲ ಸಲ ಚಾಲೂ ಮಾಡಿದಾಗ ರೇಸು 1200ಕ್ಕೋ 1500ಕ್ಕೋ ಏರಿ, ಎಂಜಿನ್ನು ಕಾಯ್ದಂತೆ ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿಯುವುದು ಧರ್ಮವೇ ಹೊರತು ದೋಷವಲ್ಲ. ಎ.ಸಿ. ಹಾಕಿದಾಗ ಸ್ವಲ್ಪ ಏರುವುದೂ ಹಾಗೆಯೇ. ಕಾದ ಮೇಲೂ ಇಳಿಯದಿದ್ದರೆ ಮಾತ್ರ ಮುಂದಿನ ಶೋಧನೆ.

ಮೊದಲನೆಯದಾಗಿ ಅತ್ಯಂತ ಸುಲಭವಾದುದನ್ನು ನೋಡಬೇಕು. ಕಾಲಡಿಯ ಮ್ಯಾಟು ಸರಿದು ಪೆಡಲ್ಲನ್ನು ಒತ್ತಿ ಹಿಡಿದಿರುವುದುಂಟು. ಕೇಬಲ್ ಇರುವ ಗಾಡಿಯಲ್ಲಿ ಆಕ್ಸಿಲರೇಟರ್ ವಾಯರಿಗೆ ಕೆಲವು ಮಿಲಿಮೀಟರುಗಳಷ್ಟು ಸಡಿಲವಿರಬೇಕು. ಬಿಗಿಯಾಗಿದ್ದರೆ, ಅಥವಾ ಎರೆಯ ಧೂಳು ಒಳಸೇರಿ ವಾಯರು ತನ್ನ ಕವಚದೊಳಗೆ ಜಡವಾಗಿದ್ದರೆ, ತಗಡು ಕೊನೆಯವರೆಗೆ ಮುಚ್ಚಲಾರದು. ಎಂಜಿನ್ನು ನಡೆಯುತ್ತಿರುವಾಗ ಥ್ರಾಟಲ್ ಬಾಡಿಯ ಪಕ್ಕದ ಲಿವರನ್ನು ಬೆರಳಿನಿಂದ ಮುಚ್ಚುವ ದಿಕ್ಕಿಗೆ ಮೆಲ್ಲಗೆ ಒತ್ತಿ ನೋಡಿರಿ. ದನಿ ಇಳಿದರೆ ದೋಷವಿರುವುದು ವಾಯರಿನಲ್ಲಿಯೋ, ಸ್ಪ್ರಿಂಗಿನಲ್ಲಿಯೋ, ತಗಡಿನ ಅಂಚಿಗೆ ಹತ್ತಿದ ಜಿಡ್ಡಿನಲ್ಲಿಯೋ ಎಂದು ತಿಳಿಯತಕ್ಕದ್ದು. ಇಳಿಯದಿದ್ದರೆ ತಗಡು ನಿರಪರಾಧಿ. ಗಾಳಿ ಬೇರೆ ಕಡೆಯಿಂದ ಬರುತ್ತಿದೆ.

ಆ ಬೇರೆ ಕಡೆ ಯಾವುದು? ಮುಚ್ಚಿದ ತಗಡಿನ ಆಚೆಗೆ, ಎಂಜಿನ್ನಿಗೆ ಗಾಳಿಯನ್ನು ಒಯ್ಯುವ ಮ್ಯಾನಿಫೋಲ್ಡ್ ಎಂಬ ಕೊಳವೆಯಲ್ಲಿ ಎಂಜಿನ್ನಿನ ಹೀರುವಿಕೆಯಿಂದ ಪ್ರಬಲವಾದ ನಿರ್ವಾತ ಉಂಟಾಗಿರುತ್ತದೆ. ಆ ನಿರ್ವಾತಕ್ಕೆ ಜೋಡಿಸಿದ ರಬ್ಬರಿನ ಹೋಸುಗಳು ಹಲವು: ಬ್ರೇಕಿನ ಬೂಸ್ಟರಿಗೆ ಹೋಗುವ ದಪ್ಪ ಹೋಸು, ಎಂಜಿನ್ನಿನ ಒಳಹೊಗೆಯನ್ನು ಮರಳಿ ಎಳೆದುಕೊಳ್ಳುವ ಪಿಸಿವಿ ಹೋಸು, ಪೆಟ್ರೋಲ್ ಟ್ಯಾಂಕಿನ ಆವಿಯ ಹೋಸು, ಸೆನ್ಸಾರಿನ ಸಣ್ಣ ನಳಿಗೆ. ವರ್ಷಗಟ್ಟಲೆ ಎಂಜಿನ್ನಿನ ಕಾವನ್ನುಂಡ ರಬ್ಬರು ಗಡುಸಾಗಿ ಬಿರಿಯುವುದು ಎಲ್ಲ ಊರುಗಳಲ್ಲಿಯೂ ನಡೆಯತಕ್ಕ ಸಂಗತಿ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣವನ್ನೂ ಮರೆಯಕೂಡದು: ಸುಗ್ಗಿಯ ಕಾಲದಲ್ಲಿ ಬಣವೆಯ ಮಗ್ಗುಲಲ್ಲಿ, ಜೋಳದ, ಕಡಲೆಯ ಚೀಲಗಳ ಸಮೀಪದಲ್ಲಿ ದಿನಗಟ್ಟಲೆ ನಿಂತ ಗಾಡಿಯ ಬಾನೆಟ್ಟಿನೊಳಗೆ ಇಲಿಗಳು ಬೆಚ್ಚಗೆ ಮನೆಮಾಡಿ, ಹೋಸುಗಳನ್ನೂ ವಾಯರುಗಳನ್ನೂ ಕಡಿದಿಟ್ಟಿರುತ್ತವೆ. ಗ್ಯಾಸ್ ಕಿಟ್ ಕೂಡಿಸಿದ ಓಮ್ನಿಗಳಲ್ಲಾದರೆ, ಗಾಳಿಯ ಹಾದಿಯನ್ನು ಕತ್ತರಿಸಿ ನಡುವೆ ಸೇರಿಸಿದ ಮಿಕ್ಸರಿನ ಜೋಡಣೆಗಳನ್ನೂ ಸಂಶಯದಿಂದ ನೋಡಬೇಕು.

ಸಣ್ಣ ಕಾರುಗಳಲ್ಲಿ ಬಹುಮಟ್ಟಿಗೆ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆದು, ಅದರ ಮೇಲಿನಿಂದ ಗಾಳಿ ಎಷ್ಟಿರಬಹುದೆಂದು ಗಣಕವು ಲೆಕ್ಕಹಾಕುತ್ತದೆ. ಸೋರಿಕೆಯ ಗಾಳಿ ಒಳಸೇರಿದೊಡನೆ ಒತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ತಕ್ಕಷ್ಟು ಪೆಟ್ರೋಲನ್ನು ಗಣಕವು ಪ್ರಾಮಾಣಿಕವಾಗಿ ಸುರಿಯುತ್ತದೆ, ರೇಸು ಏರುತ್ತದೆ. ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯುವ ಕಾರುಗಳಲ್ಲಿ ಇದೇ ಸೋರಿಕೆಯಿಂದ ರೇಸು ಏರಿಳಿದು ಎಂಜಿನ್ನು ನಡುಗುವುದೇ ಹೆಚ್ಚು. ಒಂದೇ ಬಿರುಕು ಎರಡು ಕಾರುಗಳಲ್ಲಿ ಎರಡು ಬಗೆಯಾಗಿ ಕಾಣಿಸಿಕೊಳ್ಳುವುದರ ಮರ್ಮ ಇದು.

ಸೋರಿಕೆಯನ್ನು ಹುಡುಕುವುದಕ್ಕೆ ಕಿವಿಯೇ ಮೊದಲ ಸಾಧನ. ಒಂದು ಮೊಳದಷ್ಟು ಉದ್ದದ ಪ್ಲಾಸ್ಟಿಕ್ ನಳಿಗೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ತಿರುಗುವ ಬೆಲ್ಟಿನಿಂದ ದೂರವಿದ್ದು, ಇನ್ನೊಂದು ತುದಿಯನ್ನು ಹೋಸುಗಳ ಉದ್ದಕ್ಕೂ ಆಡಿಸಿದರೆ ಬಿರುಕಿನ ಬಳಿ ‘ಸುಂಯ್’ ಎಂಬ ಸದ್ದು ಸ್ಪಷ್ಟವಾಗಿ ಕೇಳಿಬರುತ್ತದೆ. ತರುವಾಯ ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಒಂದೊಂದೇ ಹೋಸನ್ನು ಕ್ಷಣಕಾಲ ಅದುಮಬೇಕು. ಯಾವುದನ್ನು ಅದುಮಿದಾಗ ರೇಸು ಇಳಿಯುತ್ತದೆಯೋ ದೋಷವು ಆ ಹೋಸಿನಲ್ಲಿ ಅಥವಾ ಅದರ ಆಚೆಯ ತುದಿಯಲ್ಲಿದೆ. ಮ್ಯಾನಿಫೋಲ್ಡಿನ ಪ್ಯಾಕಿಂಗಿನ ಅಂಚಿಗೆ ಸಾಬೂನಿನ ನೀರನ್ನು ಸ್ವಲ್ಪ ಸಿಂಪಡಿಸಿದರೆ, ಸೋರುವ ಜಾಗದಲ್ಲಿ ನೀರು ಒಳಗೆ ಹೀರಲ್ಪಟ್ಟು ಎಂಜಿನ್ನಿನ ದನಿ ಕ್ಷಣಮಾತ್ರ ಬದಲಾಗುತ್ತದೆ. ಕ್ಲೀನರ್ ಸ್ಪ್ರೇಯಿಂದ ಇದೇ ಪರೀಕ್ಷೆಯನ್ನು ಮಾಡುವವರುಂಟು. ಕಾದ ಎಂಜಿನ್ನಿನ ಮೇಲೆ ಅದು ಹೊತ್ತಿಕೊಳ್ಳಬಲ್ಲ ದ್ರವವಾದುದರಿಂದ ಮನೆಯಲ್ಲಿ ನೀರೇ ಲೇಸು. ಆಯಿಲ್ ಹಾಕುವ ಮುಚ್ಚಳ ಸಡಿಲವಾಗಿದ್ದರೂ, ಡಿಪ್‌ಸ್ಟಿಕ್ಕು ಪೂರ್ತಿ ಕೂತಿರದಿದ್ದರೂ ಕೆಲವು ಗಾಡಿಗಳಲ್ಲಿ ಇದೇ ತೊಂದರೆ ಬರುತ್ತದೆ.

ದೊಡವಾಡದ ರೈತರೊಬ್ಬರ ಹಿತ್ತಿಲಲ್ಲಿ ಒಬ್ಬ ತರುಣ ಮಿಸ್ತ್ರಿ ಈ ಕೆಲಸವನ್ನು ಮಾಡುತ್ತಿದ್ದುದನ್ನು ಹತ್ತಿರ ನಿಂತು ನೋಡಿದ್ದೇನೆ. “ಕಾಕಾ, ಸ್ಕ್ರೂ ತಿರುವಿ ರೇಸ್ ಇಳಸೂದು ಒಂದ್ ನಿಮಿಷದ ಕೆಲಸ ರೀ. ಆದ್ರ ಗಾಳಿ ಎಲ್ಲಿಂದ ಜಗ್ಗಾಕತ್ತೈತಿ ಅದನ್ನ ನೋಡಬೇಕಲ್ರಿ” ಎಂದು ಅವನು ಹೇಳಿದಾಗ, “ನೋಡೋ ತಮ್ಮಾ, ಹೋದ ಸಲ ಸೆನ್ಸಾರ್ ಹೊಸಾದ ಹಾಕಸೇನಿ, ರೊಕ್ಕ ಹೋತು, ರೇಸ್ ಮಾತ್ರ ಹಂಗ ಐತಿ” ಎಂದರು ಆ ಹಿರಿಯರು. ಪಿಸಿವಿ ಹೋಸು ಮೇಲಿನಿಂದ ನೋಡುವುದಕ್ಕೆ ಕಪ್ಪಗೆ, ಸುಭದ್ರವಾಗಿಯೇ ಇತ್ತು. ಹುಡುಗ ಅದರ ಮೊಣಕೈಯಂತಹ ಬಾಗಿನ ಕೆಳಗೆ ಬೆರಳು ತೂರಿಸಿ ತಡವಿದ. ಒಂದೆಡೆ ಬೆರಳು ನಿಂತಿತು, ನಿಂತೊಡನೆ ಎಂಜಿನ್ನಿನ ಅಬ್ಬರ ಕುಗ್ಗಿತು. ಬೆರಳು ತೆಗೆದ, ಅಬ್ಬರ ಏರಿತು, ಇಟ್ಟ, ಇಳಿಯಿತು. ಎಂಜಿನ್ ನಿಲ್ಲಿಸಿ ಹೋಸನ್ನು ಬಿಚ್ಚಿ ಬಾಗಿಸಿ ತೋರಿಸಿದಾಗ, ಕೆಳಮಗ್ಗುಲಲ್ಲಿ ಉಗುರಿನಷ್ಟು ಉದ್ದದ ಸೀಳೊಂದು ಬಾಯಿ ತೆರೆಯಿತು. ಎಣ್ಣೆಯ ಆವಿಯಿಂದ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಹೊಸ ಸೆನ್ಸಾರಿನ ಬೆಲೆಯ ಮುಂದೆ ಆ ಹೋಸಿನ ತುಂಡಿನ ಬೆಲೆ ಏನೂ ಅಲ್ಲ.

ಹೋಸುಗಳೆಲ್ಲ ನೆಟ್ಟಗಿದ್ದರೆ ಮುಂದಿನ ವಿಚಾರಣೆ ಐಡಲ್ ವಾಲ್ವಿನದು. ಪ್ರತ್ಯೇಕ ವಾಲ್ವು ಇರುವ ಗಾಡಿಗಳಲ್ಲಿ, ಏರ್ ಫಿಲ್ಟರಿನಿಂದ ಬರುವ ದೊಡ್ಡ ಕೊಳವೆಯನ್ನು ಬಿಚ್ಚಿದರೆ ಥ್ರಾಟಲ್ ಬಾಡಿಯ ಬಾಯಿಯಲ್ಲಿ, ತಗಡಿನ ಈಚೆಗೆ, ಒಂದು ಸಣ್ಣ ರಂಧ್ರ ಕಾಣುತ್ತದೆ. ಅದೇ ಆ ಪಕ್ಕದಾರಿಯ ಬಾಯಿ. ಎಂಜಿನ್ನು ನಡೆಯುತ್ತಿರುವಾಗ ಆ ರಂಧ್ರವನ್ನು ಬೆರಳಿನಿಂದ ಮುಚ್ಚಬೇಕು. ರೇಸು ಇಳಿದು ಎಂಜಿನ್ನು ನಿಲ್ಲುವಂತಾದರೆ ಬೇಡದ ಗಾಳಿಯೆಲ್ಲ ಅಲ್ಲಿಂದಲೇ ಹೋಗುತ್ತಿದೆಯೆಂದೂ, ವಾಲ್ವು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬೇಕು ಇಲ್ಲವೆ ಗಣಕವೇ ಅದನ್ನು ತೆರೆಯೆಂದು ಹೇಳುತ್ತಿರಬೇಕೆಂದೂ ಸಿದ್ಧವಾಯಿತು. ಮುಚ್ಚಿದರೂ ರೇಸು ಹಾಗೆಯೇ ಇದ್ದರೆ ಮರಳಿ ಹೋಸು, ಪ್ಯಾಕಿಂಗುಗಳ ಕಡೆಗೇ ಹೋಗಬೇಕು. ಇಷ್ಟು ಸರಳವಾಗಿದ್ದು ಇಷ್ಟು ನಿರ್ಣಾಯಕವಾದ ಪರೀಕ್ಷೆ ಈ ವಿಷಯದಲ್ಲಿ ಇನ್ನೊಂದಿಲ್ಲ. ಸಿಕ್ಕಿಕೊಂಡ ವಾಲ್ವಿಗೆ ಕಾರಣ ಸಾಮಾನ್ಯವಾಗಿ ಮಸಿ ಮತ್ತು ಧೂಳು. ಹರಿದ ಏರ್ ಫಿಲ್ಟರಿನೊಡನೆ ಹೊಲದ ದಾರಿಯಲ್ಲಿ ಓಡಾಡಿದ ಗಾಡಿಯಲ್ಲಿ ಇದು ಬೇಗ ಬರುತ್ತದೆ. ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹಚ್ಚಿ ಒರೆಸಿದರೆ ಬಹುಶಃ ಗುಣವಾದೀತು.

ವಾಯರಿಲ್ಲದ, ಮೋಟಾರಿನಿಂದಲೇ ತಗಡನ್ನು ಆಡಿಸುವ ಹೊಸ ಕಾರುಗಳಲ್ಲಿ ಎಚ್ಚರ ಹೆಚ್ಚು ಬೇಕು. ಇಗ್ನಿಷನ್ ಚಾಲೂ ಇರುವಾಗ ಆ ತಗಡಿಗೆ ಬೆರಳು ಕೊಡಲಾಗದು. ಒಳಗಿನ ಹಲ್ಲಿನ ಗಾಲಿಗಳು ಮುರಿಯಬಹುದು, ಬೆರಳಿಗೂ ಅಪಾಯ. ಜಿಡ್ಡಿದ್ದಾಗ ಎಷ್ಟು ತೆರೆಯಬೇಕೆಂದು ಗಣಕವು ಕಲಿತುಕೊಂಡಿರುತ್ತದೆಯಾದ್ದರಿಂದ, ಸ್ವಚ್ಛಗೊಳಿಸಿದ ಮೇಲೆ ಅದೇ ಹಳೆಯ ಪಾಠದಂತೆ ಹೆಚ್ಚಾಗಿ ತೆರೆದು ರೇಸು ಇನ್ನೂ ಏರಬಹುದು. ಗಾಬರಿಬೀಳುವ ಕಾರಣವಿಲ್ಲ. ಕೆಲವು ಗಾಡಿಗಳು ಸ್ವಲ್ಪ ಹೊತ್ತು ನಿಂತಲ್ಲಿ ನಡೆಸಿದರೆ ಹೊಸ ಪಾಠವನ್ನು ತಾವೇ ಕಲಿಯುತ್ತವೆ. ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ಕಲಿಸಬೇಕಾಗುತ್ತದೆ.

ಇನ್ನು ಸುಳ್ಳು ವರ್ತಮಾನದ ವಿಷಯ. ನೀರಿನ ಉಷ್ಣತೆಯನ್ನು ಅಳೆಯುವ ಸೆನ್ಸಾರು ಎಂಜಿನ್ನು ತಣ್ಣಗಿದೆಯೆಂದು ಹೇಳುತ್ತಿರುವವರೆಗೆ ಗಣಕವು ರೇಸನ್ನು ಇಳಿಸುವುದಿಲ್ಲ, ಇಳಿಸಲೂ ಬಾರದು. ಈ ಸೆನ್ಸಾರಿನ ವಿದ್ಯುತ್ ನಿರೋಧವು 20 ಡಿಗ್ರಿಯಲ್ಲಿ ಸುಮಾರು ಎರಡು ಮೂರು ಸಾವಿರ ಓಮ್ ಇದ್ದು, 80 ಡಿಗ್ರಿಗೆ ಬರುವಷ್ಟರಲ್ಲಿ ಮುನ್ನೂರರ ಆಸುಪಾಸಿಗೆ ಇಳಿಯುವುದು ಸಾಮಾನ್ಯ; ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರಿನಿಂದ, ತಣ್ಣಗಿದ್ದಾಗೊಮ್ಮೆ ಕಾದಾಗೊಮ್ಮೆ ಅಳೆದರೆ ಅದರ ಸತ್ಯಾಸತ್ಯ ಬಯಲಾಗುತ್ತದೆ. ಆದರೆ ಸೆನ್ಸಾರು ಸತ್ಯವನ್ನೇ ಹೇಳುತ್ತಿದ್ದು, ಎಂಜಿನ್ನೇ ನಿಜವಾಗಿ ತಣ್ಣಗೆ ಉಳಿದಿರುವುದೂ ಉಂಟು. ಬೇಸಿಗೆಯಲ್ಲಿ ಗಾಡಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ವಾಲ್ವನ್ನು ಕಿತ್ತೆಸೆಯುವ ಪದ್ಧತಿ ನಮ್ಮ ಕಡೆ ಬಲವಾಗಿ ಬೇರೂರಿದೆ. ನೀರು ಸುಮಾರು 82ರಿಂದ 88 ಡಿಗ್ರಿಗೆ ಏರುವ ತನಕ ರೇಡಿಯೇಟರಿನ ಹಾದಿಯನ್ನು ತಡೆದು ನಿಲ್ಲಿಸುವುದೇ ಆ ವಾಲ್ವಿನ ಕಾರ್ಯ. ಅದಿಲ್ಲದ ಎಂಜಿನ್ನು ಹೆದ್ದಾರಿಯ ಗಾಳಿಗೆ ಎಂದೂ ಸರಿಯಾಗಿ ಕಾಯುವುದೇ ಇಲ್ಲ. ಪರಿಣಾಮವಾಗಿ ರೇಸೂ ಇಳಿಯದು, ಪೆಟ್ರೋಲೂ ಹೆಚ್ಚು ಸುಡುತ್ತದೆ, ಎಂಜಿನ್ನೂ ಬೇಗ ಸವೆಯುತ್ತದೆ. ಕೂಲಂಟಿನ ಬದಲು ಬೋರಿನ ಗಡುಸು ನೀರನ್ನು ತುಂಬುವುದರಿಂದ ಸೆನ್ಸಾರಿನ ತುದಿಗೆ ಉಪ್ಪು ಕಟ್ಟುತ್ತದೆ. ನೀರು ಕಡಮೆಯಾಗಿ ಒಳಗೆ ಗಾಳಿ ನಿಂತರೆ ಸೆನ್ಸಾರು ನೀರನ್ನು ಮುಟ್ಟುವುದೇ ಇಲ್ಲ. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ನು ಪೂರ್ಣವಾಗಿ ಆರಿದ ಮೇಲೆ ಮಾತ್ರ ತೆಗೆದು ಇದನ್ನು ನೋಡಿಕೊಳ್ಳಬೇಕು.

ಸುಮಾರು 2010ರ ಈಚಿನ ಬಹುತೇಕ ಕಾರುಗಳಲ್ಲಿ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಕೂಡಿಸುವ ಜಾಗವಿದೆ. ಮೊಬೈಲಿಗೆ ಮಾತನಾಡುವ ಸಣ್ಣ ಅಡಾಪ್ಟರುಗಳೂ ಈಗ ಸುಲಭವಾಗಿ ದೊರೆಯುತ್ತವೆ. ಸ್ಕ್ಯಾನರು ಪಿ 0507 ಎಂಬ ಕೋಡನ್ನು ತೋರಿಸಿದರೆ ಐಡಲ್ ವೇಗವು ಇರಬೇಕಾದುದಕ್ಕಿಂತ ಹೆಚ್ಚಿದೆಯೆಂದಷ್ಟೇ ಅದರ ಅರ್ಥ; ನಮಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು ಅದು ಮರಳಿ ಹೇಳುತ್ತಿದೆಯೇ ವಿನಾ, ಯಾವ ಸಾಮಾನು ಕೆಟ್ಟಿದೆಯೆಂದು ಹೇಳುತ್ತಿಲ್ಲ. ಕೋಡನ್ನು ಕಂಡೊಡನೆ ಐಡಲ್ ವಾಲ್ವನ್ನು ಬದಲಿಸುವುದು ಬುದ್ಧಿವಂತಿಕೆಯಲ್ಲ. ಸ್ಕ್ಯಾನರಿನ ನಿಜವಾದ ಉಪಯೋಗವಿರುವುದು ನಡೆಯುತ್ತಿರುವ ಎಂಜಿನ್ನಿನ ಅಂಕಿಗಳನ್ನು ಓದುವುದರಲ್ಲಿ: ಕಾದ ಎಂಜಿನ್ನಿನ ಉಷ್ಣತೆ 40 ಡಿಗ್ರಿ ಎಂದು ತೋರಿಸುತ್ತಿದ್ದರೆ ಹುಡುಕಬೇಕಾದ ದಿಕ್ಕು ತಾನಾಗಿಯೇ ತಿಳಿಯುತ್ತದೆ.

ಸ್ವಲ್ಪ ರೇಸು ಹೆಚ್ಚಿದ್ದರೆ ಏನಾಯಿತೆಂದು ಕೇಳುವವರುಂಟು. ನಿಂತಲ್ಲಿಯೇ ನಡೆಯುವ ಸಣ್ಣ ಪೆಟ್ರೋಲ್ ಕಾರು ತಾಸಿಗೆ ಅರ್ಧ ಲೀಟರಿನಿಂದ ಒಂದು ಲೀಟರಿನ ವರೆಗೆ ಕುಡಿಯುತ್ತದೆ. ರೇಸು ಇಮ್ಮಡಿಯಾದರೆ ಆ ಖರ್ಚೂ ಹೆಚ್ಚು ಕಡಮೆ ಇಮ್ಮಡಿ. ಅದನ್ನಾದರೂ ಸಹಿಸಬಹುದು; ಬ್ರೇಕಿನ ವಿಷಯವನ್ನು ಸಹಿಸಲಾಗದು. ಬೂಸ್ಟರಿನ ಬಲವೆಲ್ಲ ಮ್ಯಾನಿಫೋಲ್ಡಿನ ನಿರ್ವಾತದಿಂದ ಬರತಕ್ಕದ್ದು; ಆ ಹೋಸೇ ಸೀಳಿದ್ದರೆ ಒಂದು ಕಡೆ ಎಂಜಿನ್ನು ತಾನಾಗಿ ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ಪೆಡಲ್ಲು ಕಲ್ಲಿನಂತೆ ಗಡುಸಾಗುತ್ತದೆ. ಇದನ್ನು ಪರೀಕ್ಷಿಸುವುದಕ್ಕೆ ಯಾವ ಸಲಕರಣೆಯೂ ಬೇಡ: ಎಂಜಿನ್ನು ಬಂದಾಗಿರುವಾಗ ಪೆಡಲ್ಲನ್ನು ನಾಲ್ಕಾರು ಸಲ ಒತ್ತಿ, ಒತ್ತಿ ಹಿಡಿದೇ ಚಾಲೂ ಮಾಡಿದರೆ ಅದು ಕಾಲಿನ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ, ರೇಸೂ ಹೆಚ್ಚಿದ್ದರೆ, ಹುಣ್ಣಿಮೆಯ ಜಾತ್ರೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಆ ಗಾಡಿಯನ್ನು ಎಲ್ಲಮ್ಮನ ಗುಡ್ಡಕ್ಕೆ ಒಯ್ಯಬೇಡಿರಿ. ಆ ಹೋಸನ್ನು ಬದಲಿಸಿ, ಪೆಡಲ್ಲು ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹೊರಡಿರಿ.